ಬಜೆಟ್‌ನಲ್ಲಿ ಶಿಕ್ಷಣದ ಪಾಲು: ಅಂಕಿಗಳನ್ನು ಓದುವ ಬಗೆ

ಅಭಿವೃದ್ಧಿಶೀಲ ದೇಶವೊಂದರ ಬಜೆಟ್ ಕೈಗೆ ಬಂದಾಗ ಶಿಕ್ಷಣಕ್ಕೆ ಇಟ್ಟ ಒಟ್ಟು ಮೊತ್ತ ನೋಡಿ ತೀರ್ಮಾನಕ್ಕೆ ಬರಬೇಡಿ. ಮೊದಲು ಎರಡು ಲೆಕ್ಕ ಹಾಕಿ: ಆ ಮೊತ್ತ ಜಿಡಿಪಿಯ (ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ ಮೌಲ್ಯದ) ಶೇಕಡಾ ಎಷ್ಟು, ಸರ್ಕಾರದ ಒಟ್ಟು ವೆಚ್ಚದ ಶೇಕಡಾ ಎಷ್ಟು? ಯುನೆಸ್ಕೊ ಮುಂದಾಳತ್ವದಲ್ಲಿ ಹಲವು ದೇಶಗಳು ಶಿಕ್ಷಣದ ಬಗ್ಗೆ ಒಪ್ಪಿಕೊಂಡ 2015ರ ಇಂಚಿಯಾನ್ ಘೋಷಣೆ ಮೊದಲನೆಯದಕ್ಕೆ ಕನಿಷ್ಠ ಶೇ 4ರಿಂದ 6, ಎರಡನೆಯದಕ್ಕೆ ಕನಿಷ್ಠ ಶೇ 15ರಿಂದ 20 ಎಂಬ ಮಾನದಂಡ ಕೊಟ್ಟಿದೆ.

ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಜಿಡಿಪಿ 100, ಸರ್ಕಾರದ ವೆಚ್ಚ 18 ಎಂದಿಟ್ಟುಕೊಳ್ಳಿ. ಆ 18ರಲ್ಲಿ ಶೇ 16 ಶಿಕ್ಷಣಕ್ಕೆ ಹೋದರೆ ಸಿಗುವುದು 2.88. ವೆಚ್ಚದ ಪಾಲು ಸರಿಯಾಗಿಯೇ ಇದೆ, ಜಿಡಿಪಿಯ ಪಾಲು ಮಾತ್ರ 4ರ ಹತ್ತಿರವೂ ಇಲ್ಲ. ಇಲ್ಲಿ ರೋಗ ಇರುವುದು ಶಿಕ್ಷಣ ಇಲಾಖೆಯಲ್ಲಲ್ಲ, ಬೊಕ್ಕಸದಲ್ಲಿ. ತೆರಿಗೆ ವಿನಾಯಿತಿಗಳ ಪಟ್ಟಿ ತೆಗೆದು ನೋಡಿ. ಸಾಲದ ಬಡ್ಡಿ ವರ್ಷದಿಂದ ವರ್ಷಕ್ಕೆ ಎಷ್ಟು ಏರಿದೆ ಎಂಬುದನ್ನೂ ನೋಡಿ. ಬಡ್ಡಿ ಕಟ್ಟಲೇಬೇಕು, ಶಾಲೆಯ ಹಣವನ್ನು ಮುಂದೂಡಬಹುದು. ಆರು ವರ್ಷದ ಮಗು ದುಡಿಮೆಗಿಳಿಯಲು ಇನ್ನೂ ಹನ್ನೆರಡು ವರ್ಷವಾದರೂ ಬೇಕು. ಇಂದಿನ ಕಡಿತದ ಪೆಟ್ಟು ಇಂದಿನ ಸರ್ಕಾರಕ್ಕೆ ತಟ್ಟುವುದಿಲ್ಲ.

ಬಳಿಕ ಪ್ರತಿ ಮಗುವಿನ ಲೆಕ್ಕ. ಅನುದಾನ ಶೇ 8 ಏರಿತು, ಬೆಲೆ ಶೇ 6 ಏರಿತು, ಮಕ್ಕಳ ಸಂಖ್ಯೆ ಶೇ 3 ಹೆಚ್ಚಿತು ಎನ್ನಿ. 1.08ನ್ನು 1.06 ಮತ್ತು 1.03ರ ಗುಣಲಬ್ಧದಿಂದ ಭಾಗಿಸಿದರೆ 0.99. ‘ದಾಖಲೆ ಅನುದಾನ’ ಎಂದು ಘೋಷಿಸಿದ ವರ್ಷದಲ್ಲೇ ಮಗುವಿಗೆ ಸಿಕ್ಕಿದ್ದು ಕಳೆದ ವರ್ಷಕ್ಕಿಂತ ಶೇ 1 ಕಡಿಮೆ!

ವರ್ಷದ ಆರಂಭದ ಬಜೆಟ್ ಅಂದಾಜಿಗೆ ಅಂಟಿಕೊಳ್ಳದೆ, ವರ್ಷದ ನಡುವೆ ತಿದ್ದಿದ ಪರಿಷ್ಕೃತ ಅಂದಾಜು ಮತ್ತು ಕೊನೆಗೆ ನಿಜಕ್ಕೂ ಆದ ವಾಸ್ತವ ವೆಚ್ಚವನ್ನು ಪಕ್ಕಪಕ್ಕ ಇಡಿ. ಹಣ ವರ್ಷದ ಕೊನೆಯ ತಿಂಗಳುಗಳಲ್ಲಿ ಬಿಡುಗಡೆಯಾಗಿದ್ದರೆ ಪಠ್ಯಪುಸ್ತಕ ಪರೀಕ್ಷೆಯ ಹೊತ್ತಿಗೆ ತಲುಪಿದಂತೆಯೇ. ಸೋರಿಕೆಯನ್ನೂ ಮರೆಯಬೇಡಿ. ಉಗಾಂಡಾದಲ್ಲಿ 1991ರಿಂದ 1995ರ ನಡುವೆ, ವೇತನ ಬಿಟ್ಟು ಉಳಿದ ಖರ್ಚಿಗೆಂದು ಶಾಲೆಗಳಿಗೆ ಕಳಿಸಿದ ತಲಾ (ವಿದ್ಯಾರ್ಥಿಗೊಬ್ಬರಿಗೆ ಇಂತಿಷ್ಟು ಎಂಬ) ಅನುದಾನದಲ್ಲಿ ಸರಾಸರಿ ಶೇ 13 ಮಾತ್ರ ಶಾಲೆ ಮುಟ್ಟಿತ್ತು. ಯಾವ ತಿಂಗಳು ಎಷ್ಟು ಕಳಿಸಿದೆವು ಎಂಬುದನ್ನು ಪತ್ರಿಕೆಗಳಲ್ಲಿ ಮತ್ತು ಶಾಲೆಯ ಗೋಡೆಯ ಮೇಲೆ ಪ್ರಕಟಿಸತೊಡಗಿದ ನಂತರ ಸೋರಿಕೆ ಬಹಳಷ್ಟು ತಗ್ಗಿತು. ಸಂಬಂಧಪಟ್ಟ ಸಚಿವಾಲಯದಿಂದ ಇಂಥ ಪಟ್ಟಿಯನ್ನು ಕೇಳಿ ಪಡೆಯಿರಿ.

ಶಾಲಾ ದಾಖಲಾತಿ ಏರಿದ ಮಾತ್ರಕ್ಕೆ ಮುಂದೆ ದುಡಿಯುವವರ ಉತ್ಪಾದಕತೆಯೂ ತಾನಾಗಿ ಏರುವುದಿಲ್ಲ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತು ವರ್ಷದ ಮಕ್ಕಳಲ್ಲಿ ಶೇ 53 ಮಂದಿ ಸರಳ ಪಠ್ಯವೊಂದನ್ನು ಓದಿ ಅರ್ಥಮಾಡಿಕೊಳ್ಳಲಾರರು ಎಂದು 2019ರಲ್ಲಿ ವಿಶ್ವಬ್ಯಾಂಕ್ ಅಂದಾಜಿಸಿತ್ತು. ಆದ್ದರಿಂದ ವಿಶ್ವವಿದ್ಯಾಲಯಗಳಿಗೆ ಎಷ್ಟು, ಮೊದಲ ಮೂರು ತರಗತಿಗಳಿಗೆ ಎಷ್ಟು ಎಂದು ಬೇರ್ಪಡಿಸಿ ನೋಡಿ. ಓದಲು ಬಾರದ ಮಗು ಮೇಲಿನ ತರಗತಿಗಳಲ್ಲಿ ಕೂತರೂ ಕಲಿಯುವುದು ಅಷ್ಟಕ್ಕಷ್ಟೇ.

ಸಾಲ ತಂದು ಶಾಲೆ ಕಟ್ಟುವ ಯೋಜನೆ ಕಂಡರೆ ಮುಂದಿನ ವರ್ಷಗಳ ರಾಜಸ್ವ ವೆಚ್ಚದ (ವೇತನ, ದುರಸ್ತಿಯಂಥ ನಿತ್ಯದ ಖರ್ಚಿನ) ಪುಟ ತೆರೆಯಿರಿ. ಹೊಸ ಕೊಠಡಿಗಳಿಗೆ ಬೇಕಾದ ಶಿಕ್ಷಕರ ವೇತನ ಮತ್ತು ದುರಸ್ತಿಯ ಹಣ ಅಲ್ಲಿ ಕಾಣದಿದ್ದರೆ, ಸಾಲವಷ್ಟೇ ಉಳಿಯುತ್ತದೆ, ಪಾಠ ನಡೆಯುವುದಿಲ್ಲ.