ಹೇಳಿದ್ದೆಷ್ಟು, ಕಂಡದ್ದೆಷ್ಟು

ಮಗುವನ್ನು ನೋಡಿಕೊಳ್ಳುವವರೇ ಕಾಯಿಲೆ ಹುಟ್ಟಿಸುತ್ತಿದ್ದಾರೆಂಬ ಅನುಮಾನ ಬಂದರೆ ನಾನು ಹೊಸ ಪರೀಕ್ಷೆಗಳನ್ನು ಬರೆಯುವುದಿಲ್ಲ, ತುರ್ತಲ್ಲದ್ದನ್ನೆಲ್ಲ ತಡೆಹಿಡಿಯುತ್ತೇನೆ. ಈ ಹಿಂಸೆಯಲ್ಲಿ ಸೂಜಿ, ಟ್ಯೂಬು, ಆಪರೇಷನ್ ಬಹುಪಾಲು ವೈದ್ಯರಾದ ನಮ್ಮ ಕೈಯಿಂದಲೇ ಆಗುವಂಥವು.

ಆಮೇಲೆ ಹಳೆಯ ಫೈಲುಗಳನ್ನೆಲ್ಲ ತರಿಸಿ ಪಟ್ಟಿ ಹಾಕುತ್ತೇನೆ: ತಾರೀಖು, ಲಕ್ಷಣ, ಹೇಳಿದವರು, ಕಣ್ಣಾರೆ ಕಂಡವರು, ಫಲಿತಾಂಶ, ಚಿಕಿತ್ಸೆ. ಗುಟ್ಟೆಲ್ಲ ನಾಲ್ಕನೆಯ ಕಾಲಂನಲ್ಲಿದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಫಿಟ್ಸ್’ ಎಂದಿರುತ್ತದೆ. ಹಿಂದೆ ಹೋಗಿ ನೋಡಿದರೆ ಯಾವ ನರ್ಸೂ ಕಂಡಿರುವುದಿಲ್ಲ. ಮನೆಯವರ ಮಾತು ಫೈಲಿಂದ ಫೈಲಿಗೆ ನಕಲಾಗಿ ರೋಗದ ಹೆಸರಾಗಿಬಿಟ್ಟಿರುತ್ತದೆ. ಶಾಲೆಯವರು ಕಂಡದ್ದೇನು, ಒಡಹುಟ್ಟಿದವರ ಕಾಯಿಲೆಯ ಚರಿತ್ರೆಯೇನು ಎಂಬುದೂ ಪಟ್ಟಿಗೆ ಸೇರಬೇಕು.

ಸಕ್ಕರೆ ಪದೇ ಪದೇ ಇಳಿಯುವ ಮಗುವಿನಲ್ಲಿ, ಇಳಿದ ಆ ಗಳಿಗೆಯ ರಕ್ತವೇ ಸಾಕ್ಷಿ. ಗ್ಲೂಕೋಸ್ ಏರಿಸುವ ಸೂಜಿಯಿಂದಲೇ ಮೊದಲು ರಕ್ತ ತೆಗೆದುಕೊಳ್ಳಿ. ಆದರೆ ಅದಕ್ಕಾಗಿ ಗ್ಲೂಕೋಸ್ ತಡವಾಗಬಾರದು. ಇನ್ಸುಲಿನ್ ಹೆಚ್ಚಿದ್ದು ಸಿ-ಪೆಪ್ಟೈಡ್ (ಮೈ ತಾನೇ ಇನ್ಸುಲಿನ್ ತಯಾರಿಸುವಾಗ ಜೊತೆಗೆ ಹೊರಬರುವ ತುಣುಕು) ಕಡಿಮೆಯಿದ್ದರೆ ಇನ್ಸುಲಿನ್ ಹೊರಗಿಂದ ಬಂದಿದೆ. ಎಡವುವುದು ಎರಡು ಕಡೆ: ಕೆಲವು ಲ್ಯಾಬ್ ಕಿಟ್‌ಗಳು ಕೃತಕವಾಗಿ ಮಾರ್ಪಡಿಸಿದ ಇನ್ಸುಲಿನ್‌ಗಳನ್ನು ಹಿಡಿಯುವುದಿಲ್ಲ, ಮೈಯಿಂದಲೇ ಇನ್ಸುಲಿನ್ ಹೊರಡಿಸುವ ಸಲ್ಫೊನೈಲ್‌ಯೂರಿಯ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿಸಿದ್ದರೆ ಸಿ-ಪೆಪ್ಟೈಡೂ ಏರುತ್ತದೆ, ಅದಕ್ಕೆ ಬೇರೆಯೇ ಪರೀಕ್ಷೆ ಬೇಕು. ರಕ್ತದಲ್ಲಿ ಸೋಡಿಯಂ ಏರಿದ್ದರೆ ಮೂತ್ರದ ಸೋಡಿಯಂ ಕೂಡ ಆಗಲೇ ನೋಡಬೇಕು. ನೀರಿಲ್ಲದೆ ಒಣಗಿದ ಮೈ ಸಾಮಾನ್ಯವಾಗಿ ಉಪ್ಪನ್ನು ಬಿಟ್ಟುಕೊಡದು, ಉಪ್ಪು ತುಂಬಿದ ಮೈ ಧಾರಾಳವಾಗಿ ಹೊರಹಾಕುತ್ತದೆ. ಈ ಬಗೆಯ ಹಿಂಸೆಗೆ ಹೆಸರಿಟ್ಟ ಬ್ರಿಟನ್ನಿನ ಮಕ್ಕಳ ವೈದ್ಯ ರಾಯ್ ಮೆಡೊ 1977ರಲ್ಲಿ ವರದಿ ಮಾಡಿದ ಎರಡು ಪ್ರಕರಣಗಳಲ್ಲಿ ಒಂದು ಮಗುವಿಗೆ ಉಪ್ಪು ತಿನ್ನಿಸಿದ್ದೇ. ಮಾದರಿಯನ್ನು ಸಿಬ್ಬಂದಿಯೇ ತೆಗೆದು, ಸಮಯ ಬರೆದು, ಸಹಿ ಹಾಕಿ ಕೈಯಾರೆ ಲ್ಯಾಬಿಗೆ ತಲುಪಿಸಬೇಕು.

‘ತಾಯಿ ಇಲ್ಲದಾಗ ಮಗು ಚೆನ್ನಾಗಿತ್ತು’ ಎಂಬ ಮಾತನ್ನು ಅವಸರದಲ್ಲಿ ನಂಬಬೇಡಿ. ವಾರಕ್ಕೊಮ್ಮೆ ಬರುವ ತೊಂದರೆ ಎರಡು ದಿನ ಬಾರದಿದ್ದರೆ ಅದೇನೂ ಪುರಾವೆಯಲ್ಲ. ನಿಜವಾದ ಕಾಯಿಲೆಯ ಮೇಲೇ ಸುಳ್ಳು ಕಟ್ಟಿರುವುದೂ ಉಂಟು.

ವಿಷ, ಉಸಿರು ಕಟ್ಟಿಸುವುದು, ಮಾದರಿ ಕಲಬೆರಕೆಯ ಶಂಕೆಯಿದ್ದರೆ ಮನೆಯವರನ್ನು ಎದುರಿಗೆ ಕೂರಿಸಿಕೊಂಡು ಕೇಳಬೇಡಿ; ಮಗುವನ್ನು ಎತ್ತಿಕೊಂಡು ಹೊರಟೇಬಿಡಬಹುದು, ಹಾನಿ ಇನ್ನೂ ಹೆಚ್ಚಬಹುದು. ಹಾಸಿಗೆ ಬದಿಯ ಚಾರ್ಟಿನಲ್ಲಿ ಶಂಕೆಯ ಸುಳಿವೂ ಇರಕೂಡದು. ಮೊದಲು ಮಕ್ಕಳ ರಕ್ಷಣಾ ಅಧಿಕಾರಿಗಳಿಗೂ ಪೊಲೀಸರಿಗೂ ತಿಳಿಸಿ, ಮಗುವನ್ನು ಯಾರ ಬಳಿ ಇಡುವುದೆಂದು ಗೊತ್ತುಮಾಡಿಕೊಳ್ಳಿ. ಬರೀ ಉತ್ಪ್ರೇಕ್ಷೆಯಾಗಿದ್ದು ತಕ್ಷಣದ ಅಪಾಯವಿಲ್ಲದಿದ್ದರೆ ದಾರಿ ಇದಕ್ಕೆ ತದ್ವಿರುದ್ಧ: ಮನೆಯವರೊಂದಿಗೆ ಬಿಚ್ಚುಮಾತು, ಎಲ್ಲ ಚಿಕಿತ್ಸೆಗೂ ಒಬ್ಬರೇ ಹೊಣೆಗಾರ ವೈದ್ಯರು, ಮಗು ಶಾಲೆಗೆ ಮರಳಲು ತಾರೀಖು. ಬೇಡದ ಫಿಟ್ಸ್ ಮಾತ್ರೆಗಳನ್ನು ಮಾತ್ರ ಒಮ್ಮೆಲೇ ನಿಲ್ಲಿಸಬೇಡಿ, ನಿಲ್ಲಿಸಿದರೆ ನಿಜವಾದ ಫಿಟ್ಸೇ ಬಂದೀತು.