ಎದುರುಬಿಸಿಲಿನಲ್ಲಿ ವಾಹನ ಓಡಿಸುವುದು: ತುಮಕೂರು ರಸ್ತೆಯಲ್ಲಿ ಕಲಿತದ್ದು

ತುಮಕೂರಿನಿಂದ ಬೆಂಗಳೂರಿನ ಕಡೆಗೆ ದಿನವೂ ಕಾರಿನಲ್ಲಿ ಹೋಗಿಬರುವವರು ಡಿಸೆಂಬರ್ ಬಂತೆಂದರೆ ಬೆಳಗಿನ ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಹೇಳುತ್ತಾರೆ. ಅದೇ ಜನ ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಯ ಬಿಸಿಲಿನ ಮಾತು ಆಡುತ್ತಾರೆ. ಇದಕ್ಕೆ ಕಾರಣ ರಸ್ತೆಯ ದಿಕ್ಕಿನಲ್ಲಿದೆ. ರಾಷ್ಟ್ರೀಯ ಹೆದ್ದಾರಿ 48 ತುಮಕೂರಿನಿಂದ ನೆಲಮಂಗಲದವರೆಗೆ ಹೆಚ್ಚುಕಡಿಮೆ ಆಗ್ನೇಯಕ್ಕೆ ಸಾಗುತ್ತದೆ. ದಕ್ಷಿಣಾಯನ ಮುಗಿಯುವ ಡಿಸೆಂಬರ್‌ನಲ್ಲಿ ಸೂರ್ಯ ನೇರ ಪೂರ್ವದಲ್ಲಿ ಹುಟ್ಟದೆ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಏರುತ್ತ ಏರುತ್ತ ಇನ್ನಷ್ಟು ದಕ್ಷಿಣಕ್ಕೆ ವಾಲುತ್ತಾನೆ. ಹೀಗಾಗಿ ಏಳೂವರೆಯಿಂದ ಎಂಟೂಕಾಲರ ನಡುವೆ ದಾಬಸ್‌ಪೇಟೆಯ ಆಸುಪಾಸಿನಲ್ಲಿರುವವರಿಗೆ ಆತ ಬಹುಮಟ್ಟಿಗೆ ರಸ್ತೆಯ ನೇರಕ್ಕೇ ನಿಂತಿರುತ್ತಾನೆ. ಬೇಸಿಗೆಯಲ್ಲಿ ಸೂರ್ಯ ಪಶ್ಚಿಮಕ್ಕಿಂತ ಉತ್ತರಕ್ಕೆ ಸರಿದು ಮುಳುಗುವುದರಿಂದ, ಸಂಜೆ ವಾಯವ್ಯ ದಿಕ್ಕಿಗೆ ಮನೆಗೆ ಮರಳುವ ಅದೇ ಪ್ರಯಾಣಿಕನಿಗೆ ಮತ್ತೆ ಎದುರುಬಿಸಿಲು. ಬೆಂಗಳೂರಿನ ಪೂರ್ವಕ್ಕಿರುವ ಕೋಲಾರದಲ್ಲಿ ಮನೆ ಮಾಡಿಕೊಂಡು ಬೆಂಗಳೂರಿನಲ್ಲಿ ದುಡಿಯುವವರಿಗೆ ಈ ಕಾಟವಿಲ್ಲ, ಎರಡು ಹೊತ್ತೂ ಬಿಸಿಲು ಅವರ ಬೆನ್ನಿಗಿರುತ್ತದೆ. ಬೆಂಗಳೂರಿನಿಂದ ಅದೇ ಕೋಲಾರದ ದಾರಿಯಲ್ಲಿರುವ ನರಸಾಪುರದ ಕಾರ್ಖಾನೆಗಳಿಗೆ ಹೋಗಿಬರುವವರಿಗೆ ಮಾತ್ರ ವರ್ಷದ ಬಹುಭಾಗ ಎರಡು ಹೊತ್ತೂ ಮುಖಕ್ಕೇ ಬೀಳುತ್ತದೆ.

ಆದ್ದರಿಂದ ಮೊದಲು ಮಾಡಬೇಕಾದದ್ದು ತನ್ನ ದಾರಿಯ ದಿಕ್ಕನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಅಚ್ಚಾಗಿರುವ ಸೂರ್ಯೋದಯ, ಸೂರ್ಯಾಸ್ತದ ವೇಳೆಯನ್ನೂ ಜೋಡಿಸಿ ನೋಡಿಕೊಳ್ಳುವುದು. ಮಳೆ, ಮಂಜು ಹೇಳಿ ಬರುವುದಿಲ್ಲ. ಬಿಸಿಲು ಇಂಥ ಹೊತ್ತಿಗೆ ಇಂಥ ತಿರುವಿನಲ್ಲಿ ಎದುರಾಗುತ್ತದೆಂಬುದು ಹಿಂದಿನ ರಾತ್ರಿಯೇ ಗೊತ್ತಿರುತ್ತದೆ.

ನನಗೆ ಇದು ಮನಸ್ಸಿಗೆ ನಾಟಿದ್ದು ಒಂದು ಜನವರಿಯ ಬೆಳಿಗ್ಗೆ, ಗುಬ್ಬಿ ಕಡೆಯಿಂದ ತುಮಕೂರಿಗೆ ಬರುವ ಹಳ್ಳಿ ರಸ್ತೆಯಲ್ಲಿ. ಆ ತಿಂಗಳಲ್ಲಿ ನಮ್ಮ ಸೀಮೆಯ ಎಷ್ಟೋ ಊರುಗಳಲ್ಲಿ ಟಾರು ರಸ್ತೆಯೇ ಕಣವಾಗುತ್ತದೆ. ರಾಗಿ, ಹುರುಳಿಯನ್ನು ಹರಡಿ ವಾಹನಗಳ ಚಕ್ರದಿಂದಲೇ ಒಕ್ಕಣೆ ಮಾಡಿಸುತ್ತಾರೆ. ತಿರುವು ದಾಟಿದೊಡನೆ ಬಿಸಿಲು ಗಾಜಿನ ತುಂಬ ಹರಡಿತು. ರಸ್ತೆ, ಅದರ ಮೇಲಿನ ರಾಗಿ ಹುಲ್ಲು, ಪಕ್ಕದ ಹೊಲ ಎಲ್ಲವೂ ಒಂದೇ ಹಳದಿಯಾಗಿ ಕಂಡವು. ಹುಲ್ಲಿನ ಮೇಲೆ ನನ್ನ ಕಡೆಗೆ ಚಾಚಿಕೊಂಡಿದ್ದ ಉದ್ದನೆಯ ಕಪ್ಪು ಪಟ್ಟೆಯೊಂದು ಅಲುಗಾಡಿತು. ಅದೊಂದು ನೆರಳು ಎಂದು ಹೊಳೆದು ಬ್ರೇಕ್ ಒತ್ತಿದ ಮೇಲೆಯೇ, ಆ ನೆರಳಿನ ಬುಡದಲ್ಲಿ ಬಗ್ಗಿ ಹುಲ್ಲನ್ನು ತಿರುವಿ ಹಾಕುತ್ತಿದ್ದ ಹೆಂಗಸು ನನಗೆ ಕಂಡದ್ದು. ಕಾರು ಹುಲ್ಲಿನ ಮೇಲೆ ಸ್ವಲ್ಪ ಜಾರಿ ನಿಂತಿತು. ಆಕೆ ತಲೆಯೆತ್ತಿ ನೋಡಿ ಬದಿಗೆ ಸರಿದರು. ನನ್ನ ವೇಗ ಇನ್ನು ಹತ್ತು ಕಿಲೋಮೀಟರ್ ಹೆಚ್ಚಿದ್ದರೆ ಏನಾಗುತ್ತಿತ್ತೆಂದು ಈಗಲೂ ಯೋಚಿಸುತ್ತೇನೆ.

ಅಂದಿನಿಂದ ಎದುರುಬಿಸಿಲಿನಲ್ಲಿ ನಾನು ವಸ್ತುವಿಗಿಂತ ಮೊದಲು ನೆರಳನ್ನು ಹುಡುಕುತ್ತೇನೆ. ಸೂರ್ಯ ಮುಂದಿದ್ದಾಗ ರಸ್ತೆಯ ಮೇಲಿನ ಪ್ರತಿಯೊಂದರ ನೆರಳೂ ನಮ್ಮ ಕಡೆಗೇ ಚಾಚಿರುತ್ತದೆ. ಸೂರ್ಯ ದಿಗಂತದಿಂದ 10 ಡಿಗ್ರಿ ಮೇಲಿದ್ದಾಗ ಐದಡಿ ಎತ್ತರದ ಮನುಷ್ಯನ ನೆರಳು ಸುಮಾರು 28 ಅಡಿ ಉದ್ದವಿರುತ್ತದೆ. ಕಣ್ಣನ್ನು ಸೂರ್ಯನಿಂದ ಕೆಳಗಿಳಿಸಿ, ರಸ್ತೆಯ ಎಡ ಅಂಚಿನ ಬಿಳಿಗೆರೆಯನ್ನು ಆಧಾರವಾಗಿಟ್ಟುಕೊಂಡು, ರಸ್ತೆಯ ಮೈಮೇಲೆ ನೋಟ ಹರಿಸುತ್ತಿದ್ದರೆ ಬಿಸಿಲು ನುಂಗಿದ ಆಕಾರಗಳನ್ನೂ ಅವುಗಳ ನೆರಳು ತೋರಿಸಿಕೊಡುತ್ತದೆ.

ಇನ್ನು ಗಾಜಿನ ವಿಷಯ. ಕಣ್ಣು ಕೋರೈಸುವುದಕ್ಕೆ ಸೂರ್ಯನೊಬ್ಬನೇ ಕಾರಣವಲ್ಲ, ಅವನ ಬೆಳಕನ್ನು ಚದುರಿಸಿ ಗಾಜಿನ ತುಂಬ ಹಾಲು ಬಳಿದಂತೆ ಮಾಡುವ ಕೊಳೆಯೂ ಕಾರಣ. ಹೊರಗಿನ ಕೊಳೆಯನ್ನು ಎಲ್ಲರೂ ತೊಳೆಯುತ್ತಾರೆ, ಒಳಗಿನದನ್ನು ಮರೆಯುತ್ತಾರೆ. ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್‌ನಿಂದ ಏಳುವ ಆವಿ, ನಮ್ಮ ಉಸಿರು, ಬೆಳಿಗ್ಗೆ ಹಚ್ಚಿದ ಊದುಬತ್ತಿಯ ಹೊಗೆ ಇವೆಲ್ಲ ಗಾಜಿನ ಒಳಮೈಯಲ್ಲಿ ತೆಳ್ಳಗೆ ಜಿಡ್ಡಿನ ಪದರವಾಗಿ ಕೂರುತ್ತವೆ. ನೆರಳಿನಲ್ಲಿ ನಿಂತಾಗ ಇದು ಕಾಣುವುದೇ ಇಲ್ಲ. ಸಂಜೆಯ ಬಿಸಿಲಿಗೆ ಕಾರನ್ನು ಎದುರು ನಿಲ್ಲಿಸಿ, ಒಳಗೆ ಕುಳಿತು, ಗಾಜಿನ ಮೇಲೆ ಒಂದು ಬೆರಳೆಳೆದು ನೋಡಿದರೆ ಬೆರಳು ಹೋದ ದಾರಿ ಸ್ಪಷ್ಟವಾಗಿ ಕಾಣುತ್ತದೆ. ಗಾಜು ತಣ್ಣಗಿರುವಾಗ, ಹಳೆಯ ಮೆತ್ತನೆಯ ಪಂಚೆಯ ತುಂಡನ್ನು ಒದ್ದೆ ಮಾಡಿ ಹಿಂಡಿ ಒಮ್ಮೆ ಒರೆಸಬೇಕು; ಕೂಡಲೇ ಇನ್ನೊಂದು ಒಣಬಟ್ಟೆಯಿಂದ ಜಿಡ್ಡು ಪೂರ್ತಿ ಹೋಗುವವರೆಗೆ ಉಜ್ಜಬೇಕು. ಕೈ ಸುಲಭವಾಗಿ ಹೋಗದ ಕೆಳಮೂಲೆಗಳನ್ನೂ ಬಿಡಬಾರದು. ವಾರಕ್ಕೊಮ್ಮೆ ಇಷ್ಟು ಮಾಡಿದರೆ, ದುಬಾರಿ ಕೂಲಿಂಗ್ ಗ್ಲಾಸ್‌ನಿಂದ ಆಗುವುದಕ್ಕಿಂತ ಹೆಚ್ಚು ಉಪಕಾರವಾಗುತ್ತದೆ ಎಂಬುದು ನನ್ನ ಅನುಭವ.

ಹೊರಗಿನ ಗಾಜಿಗೆ ಮೊದಲು ಧಾರಾಳವಾಗಿ ನೀರು ಸುರಿದು ಧೂಳನ್ನು ಇಳಿಸಿ, ಆಮೇಲೆ ಬಟ್ಟೆ ಮುಟ್ಟಿಸಬೇಕು. ಜಲ್ಲಿ ಕ್ರಷರ್‌ಗಳ ಹತ್ತಿರ ಓಡಾಡುವ ವಾಹನಗಳ ಗಾಜಿನ ಮೇಲೆ ಕೂತ ಕಲ್ಲಿನ ಪುಡಿಯನ್ನು ನೀರಿಲ್ಲದೆ ವೈಪರ್‌ನಿಂದ ಒರೆಸಿದರೆ ಗಾಜಿನಲ್ಲಿ ಕಮಾನಿನಾಕಾರದ ಸಣ್ಣ ಗೀರುಗಳು ಬೀಳುತ್ತವೆ. ಎದುರುಬಿಸಿಲಿನಲ್ಲಿ ಒಂದೊಂದು ಗೀರೂ ಹೊಳೆಯುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಗಟ್ಟಿಯಾದ ವೈಪರ್ ರಬ್ಬರನ್ನು ಬದಲಿಸಲು ಮಳೆಗಾಲ ಬರಲಿ ಎಂದು ಕಾಯಬೇಡಿ. ಓಡಿಸುತ್ತಿರುವಾಗ ಗಾಜಿಗೆ ನೀರು ಚಿಮ್ಮಿಸಬೇಕಾದರೆ ಸೂರ್ಯ ಎದುರಿಗಿಲ್ಲದ ತಿರುವಿನಲ್ಲೇ ಚಿಮ್ಮಿಸಿ, ಏಕೆಂದರೆ ಒದ್ದೆ ಗಾಜಿನ ಮೇಲೆ ಬಿಸಿಲು ಬಿದ್ದರೆ ಕೆಲವು ಕ್ಷಣ ಏನೂ ಕಾಣುವುದಿಲ್ಲ. ಡ್ಯಾಶ್‌ಬೋರ್ಡಿಗೆ ಹೊಳಪಿನ ಪಾಲಿಶ್ ಹಚ್ಚಬಾರದು. ಅದರ ಮೇಲಿಟ್ಟ ಬಿಳಿಯ ಕಾಗದ, ಟೋಲ್ ರಸೀದಿ, ದೇವರ ವಿಗ್ರಹದ ಕೆಳಗಿನ ಜರಿಬಟ್ಟೆ ಎಲ್ಲವೂ ಗಾಜಿನಲ್ಲಿ ಪ್ರತಿಬಿಂಬಿಸುತ್ತವೆ. ವಿಗ್ರಹದ ಕೆಳಗೆ ಹೊಳಪಿಲ್ಲದ ಕಪ್ಪು ಬಟ್ಟೆ ಹಾಸಿದರೆ ಸಾಕು.

ಸನ್ ವೈಸರನ್ನು ಕೆಳಗಿಳಿಸುವುದು ಎಲ್ಲರಿಗೂ ಗೊತ್ತು. ಅದನ್ನು ಒಂದು ಬದಿಯ ಕೊಂಡಿಯಿಂದ ಬಿಡಿಸಿ ಬಾಗಿಲಿನ ಗಾಜಿನ ಕಡೆಗೆ ತಿರುಗಿಸಬಹುದೆಂದು ತಿಳಿಯದವರು ಬಹಳ ಜನ ಇದ್ದಾರೆ. ಸೀಟಿನ ಎತ್ತರ ಬದಲಿಸುವ ಅನುಕೂಲವಿದ್ದರೆ ತುಸು ಮೇಲೇರಿ ಕೂತಾಗ ವೈಸರ್‌ನ ಅಂಚು ಸೂರ್ಯನನ್ನು ಮರೆಮಾಡುತ್ತದೆ. ಕೂಲಿಂಗ್ ಗ್ಲಾಸ್ ಕೊಳ್ಳುವವರು ಬೂದು ಬಣ್ಣದ ಪೋಲರೈಸ್ಡ್ ಗಾಜನ್ನು ಆರಿಸಿಕೊಳ್ಳುವುದು ಒಳ್ಳೆಯದು. ಅದು ಒದ್ದೆ ಟಾರಿನಿಂದಲೂ ಮುಂದಿನ ವಾಹನದ ಮೈಯಿಂದಲೂ ಚಿಮ್ಮುವ ಬೆಳಕನ್ನು ತಡೆಯುತ್ತದೆ. ಮೇ ತಿಂಗಳಲ್ಲಿ ಸಂಜೆಯ ಮಳೆ ನಿಂತು ಬಿಸಿಲು ಬಂದಾಗ ಇದರ ಬೆಲೆ ತಿಳಿಯುತ್ತದೆ. ನೇರ ಸೂರ್ಯನನ್ನು ಅದು ಇಲ್ಲವಾಗಿಸದು. ಬಿಸಿಲಿಗೆ ತಾನಾಗಿ ಕಪ್ಪಾಗುವ ಕನ್ನಡಕಗಳು ಕಾರಿನೊಳಗೆ ಅಷ್ಟಾಗಿ ಕಪ್ಪಾಗುವುದಿಲ್ಲ, ಅವುಗಳನ್ನು ಕಪ್ಪಾಗಿಸುವ ನೇರಳಾತೀತ ಕಿರಣಗಳನ್ನು ಮುಂದಿನ ಗಾಜೇ ತಡೆದುಬಿಡುತ್ತದೆ. ಕೂಲಿಂಗ್ ಗ್ಲಾಸ್‌ಗಳನ್ನು ಅವುಗಳ ಕಪ್ಪಿಗೆ ತಕ್ಕಂತೆ ವಿಂಗಡಿಸುವ ವರ್ಗಗಳಲ್ಲಿ ನಾಲ್ಕನೆಯದಾದ ತೀರ ಕಪ್ಪು ಗಾಜು ವಾಹನ ಓಡಿಸಲು ತಕ್ಕುದಲ್ಲ. ಮುಂದಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದಂತೂ ಬೇಡ. ಆ ಗಾಜಿನ ಮೂಲಕ ಕನಿಷ್ಠ ಶೇಕಡ 70ರಷ್ಟು ಬೆಳಕು ಹಾಯಬೇಕೆಂಬುದು ಕಾನೂನು.

ಇಷ್ಟೆಲ್ಲ ಮಾಡಿಯೂ ಬಿಸಿಲು ಹೊಡೆದಾಗ ಉಳಿಯುವುದು ವೇಗವೊಂದೇ. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಎರಡು ಸೆಕೆಂಡು ಕಣ್ಣು ಕತ್ತಲಿಟ್ಟರೆ 44 ಮೀಟರ್ ಕುರುಡಾಗಿ ಸಾಗಿದಂತೆ. ಏಕಾಏಕಿ ಬ್ರೇಕ್ ಹಾಕಬಾರದು, ಹಿಂದಿನವನಿಗೂ ಅದೇ ಬಿಸಿಲು ಹೊಡೆಯುತ್ತಿರುತ್ತದೆ, ನಮ್ಮ ಬ್ರೇಕ್ ದೀಪ ಅವನಿಗೆ ಕಾಣದಿರಬಹುದು. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ನಿಧಾನವಾಗಿ ವೇಗ ಇಳಿಸಿ, ಮುಂದಿನ ವಾಹನದಿಂದ ನಾಲ್ಕೈದು ಸೆಕೆಂಡಿನ ಅಂತರ ಬಿಟ್ಟು, ಓವರ್‌ಟೇಕ್ ಮಾಡುವ ಯೋಚನೆಯನ್ನೇ ಕೈಬಿಡಬೇಕು. ಫ್ಲೈಓವರ್ ಏರುವಾಗಲೂ ದಿಣ್ಣೆ ಹತ್ತುವಾಗಲೂ ನೆತ್ತಿಗೆ ಬರುವ ಮೊದಲೇ ವೇಗ ಕಡಿಮೆಯಾಗಿರಬೇಕು, ಏಕೆಂದರೆ ಅಡಗಿದ್ದ ಸೂರ್ಯ ಅಲ್ಲಿ ಥಟ್ಟನೆ ಎದುರಾಗುತ್ತಾನೆ. ತಿಪಟೂರಿನ ಕಡೆ ತೆಂಗಿನ ತೋಟಗಳ ನಡುವೆ ಬಿಸಿಲೂ ನೆರಳೂ ಕ್ಷಣಕ್ಷಣಕ್ಕೂ ಬದಲಾಗುವಾಗಲೂ ಇದೇ ಎಚ್ಚರ ಬೇಕು.

ಬಿಸಿಲು ನಮ್ಮ ಬೆನ್ನಿಗಿದ್ದಾಗ ಎಲ್ಲ ಸ್ಪಷ್ಟವಾಗಿ ಕಾಣುವುದರಿಂದ ನಾವು ನಿಶ್ಚಿಂತರಾಗುತ್ತೇವೆ. ನಮ್ಮ ವಾಹನದ ನೆರಳು ನಮ್ಮ ಮುಂದೆ ಉದ್ದಕ್ಕೆ ಬಿದ್ದಿದ್ದರೆ, ಎದುರಿನಿಂದ ಬರುವವನಿಗೆ ನಾವು ಕಾಣುತ್ತಿಲ್ಲವೆಂದೇ ತಿಳಿಯಬೇಕು. ಲೋ ಬೀಮ್ ದೀಪ ಹಾಕಿಕೊಂಡು ಹೋಗಿ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಹಗಲಿನಲ್ಲೂ ಉರಿಯುವಂತೆ ಮಾಡಿರುವುದು ಇಂಥ ಹೊತ್ತಿಗೇ ಉಪಯೋಗಕ್ಕೆ ಬರುತ್ತದೆ. ಹಾಲಿನ ಕ್ಯಾನ್ ಹಿಡಿದು ಡೇರಿಗೆ ರಸ್ತೆ ದಾಟುವವರಿಗೂ ಮನೆಯವರು ಈ ನೆರಳಿನ ಲೆಕ್ಕವನ್ನು ಹೇಳಿಕೊಡಬೇಕು. ಬೈಕ್ ಸವಾರರು ಗೀರುಬಿದ್ದ ಹೆಲ್ಮೆಟ್ ಗಾಜನ್ನು ಬದಲಿಸಲೇಬೇಕು; ಗಾಜೊಂದನ್ನೇ ಬೇರೆಯಾಗಿ ಮಾರುತ್ತಾರೆ. ಐವತ್ತು ದಾಟಿದವರಿಗೆ ಇತ್ತೀಚೆಗೆ ಬಿಸಿಲು ಹೆಚ್ಚು ಚುಚ್ಚುತ್ತಿದೆ ಎನಿಸಿದರೆ ಕಣ್ಣಿಗೆ ಪೊರೆ ಬರುತ್ತಿರಬಹುದು, ವೈದ್ಯರಿಗೆ ತೋರಿಸಿ.

ಕೊನೆಯದಾಗಿ, ಕಾಯುವುದು. ಕೈಯನ್ನು ಪೂರ್ತಿ ಮುಂದೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ದಿಗಂತಕ್ಕೂ ಸೂರ್ಯನಿಗೂ ನಡುವೆ ಒಂದು ಮುಷ್ಟಿಯೂ ಹಿಡಿಸದಿದ್ದರೆ ವೈಸರ್‌ನಿಂದ ಪ್ರಯೋಜನವಿಲ್ಲ, ಅದನ್ನು ಅಷ್ಟು ಇಳಿಸಿದರೆ ರಸ್ತೆಯೇ ಮರೆಯಾಗುತ್ತದೆ. ಎರಡು ಮುಷ್ಟಿ ಹಿಡಿಸಿದರೆ ಭಯವಿಲ್ಲ. ಚಳಿಗಾಲದಲ್ಲಿ ಒಂದು ಮುಷ್ಟಿ ಏರಲು ಸೂರ್ಯನಿಗೆ ಮುಕ್ಕಾಲು ಗಂಟೆ ಸಾಕು. ಬಿಸಿಲು ತಾಳಲಾಗದಿದ್ದರೆ ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸದೆ ಪೆಟ್ರೋಲ್ ಬಂಕ್‌ಗೋ ಹೋಟೆಲಿನ ಅಂಗಳಕ್ಕೋ ಕಾರನ್ನು ಇಳಿಸಿ. ಡಿಸೆಂಬರ್, ಜನವರಿಯಲ್ಲಿ ನಾನು ಕ್ಯಾತ್ಸಂದ್ರದಲ್ಲಿ ನಿಲ್ಲಿಸಿ, ತಟ್ಟೆ ಇಡ್ಲಿ ತಿಂದು, ಕಾಫಿ ಕುಡಿದು, ಹೋಟೆಲಿನ ಬಾಗಿಲಲ್ಲಿ ಕೈ ಚಾಚಿ ಮುಷ್ಟಿ ಎಣಿಸಿಯೇ ಹೊರಡುತ್ತೇನೆ.