ತಡೆ ಬಲೂನು ಕಟ್ಟುವಾಗ ಮೊದಲು ತಂತಿಯ ಲೆಕ್ಕ

ತಡೆ ಬಲೂನು ಎಂದರೆ ತಗ್ಗಿನಲ್ಲಿ ಹಾರಿಬರುವುದನ್ನು ತಡೆಯಲು ತಂತಿ ಕಟ್ಟಿ ಮೇಲೇರಿಸುವ ಬಲೂನು. ಡ್ರೋನಿಗೆ ಅಡ್ಡಬರುವುದು ಬಲೂನಲ್ಲ, ಅದರ ಉಕ್ಕಿನ ತಂತಿ. ನೆಲಮಟ್ಟದಲ್ಲಿ ಒಂದು ಘನ ಮೀಟರ್ ಜಲಜನಕ ಸುಮಾರು 1.1 ಕಿಲೋ ಎತ್ತುತ್ತದೆ. ಹೀಲಿಯಂ ತುಸು ಕಮ್ಮಿ, ಆದರೆ ಬೆಂಕಿ ಹತ್ತದು. ಬಲೂನಿನ ಬಟ್ಟೆ, ತಂತಿಗಳ ತೂಕ ಕಳೆದ ಮೇಲೂ ಮೇಲಕ್ಕೆ ಎಳೆತ ಉಳಿಯಬೇಕು. ಇಲ್ಲವಾದರೆ ಗಾಳಿಗೆ ತಂತಿ ವಾಲಿ ಎತ್ತರ ಕುಸಿಯುತ್ತದೆ.

ಅನಿಲವನ್ನು ಬಿಗಿಯಾಗಿ ತುಂಬಬೇಡಿ, ಮೇಲೇರಿದಂತೆ ಹಿಗ್ಗುತ್ತದೆ. ಎರಡನೇ ಮಹಾಯುದ್ಧದ ಬ್ರಿಟಿಷ್ ಎಲ್‌ಜೆಡ್ ಮಾದರಿಯ ತಡೆ ಬಲೂನಿನ ಹೊಟ್ಟೆಯಡಿ ಬೇರೆ ಗಾಳಿಚೀಲವಿತ್ತು: ಏರುವಾಗ ಗಾಳಿ ಹೊರಬಿದ್ದು ಜಲಜನಕಕ್ಕೆ ಜಾಗವಾಗುತ್ತಿತ್ತು. ಸುಮಾರು 5,000 ಅಡಿಯೇ ಅದರ ಮಿತಿ.

ಬಲೂನುಗಳ ಸಾಲನ್ನು ನಗರದ ನೆತ್ತಿಯ ಮೇಲಲ್ಲ, ಡ್ರೋನು ಬರುವ ದಾರಿಯಲ್ಲಿ ಕಟ್ಟಿ. ಸಿಕ್ಕಿದ್ದು ಅಲ್ಲೇ ಬೀಳುತ್ತದೆ. 1944ರಲ್ಲಿ ಲಂಡನ್ನಿನ ಆಗ್ನೇಯಕ್ಕೆ ಹೀಗೆ ಕಟ್ಟಿದ ತಂತಿಗಳು ಜರ್ಮನಿಯ ಚಾಲಕನಿಲ್ಲದ ಹಾರುಬಾಂಬು ವಿ-1ಗಳಲ್ಲಿ 200ಕ್ಕೂ ಹೆಚ್ಚನ್ನು ಕೆಡವಿದವು. ಎತ್ತರದಲ್ಲಿ ಹಾರಿಬರುವುದನ್ನು ತಡೆಯಲು ಇದು ನಿರುಪಯೋಗಿ.

ಗುಡುಗುಮೋಡ ಕಂಡರೆ ಕೂಡಲೇ ಇಳಿಸಿ, ತಂತಿ ಸುತ್ತುವ ಯಂತ್ರವಾದ ವಿಂಚಿಗೆ ಅರ್ತಿಂಗ್ ಇರಲೇಬೇಕು.